ತಾತನ ಕೊಳಕ್ಕೆ ನಾನು ಹಾಕಿದ ಗೊಬ್ಬರ

ಆಗಿನ್ನೂ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸುಗಳು ಎರಡೇ ಅಂತಸ್ತಿನವು. ಕೆಳಮನೆಯವರಿಗೆ ಹಿತ್ತಲು, ಮೇಲ್ಮನೆಯವರಿಗೆ ಬಾಲ್ಕನಿ. ಹಿತ್ತಲಲ್ಲಿ ಏನು ನಡೆದರೂ ಬಾಲ್ಕನಿಗೆ ಗೊತ್ತಾಗುತ್ತಿತ್ತು. ದಿಲ್ಲಿಯಲ್ಲಿ ಬೆಳೆದ ನನ್ನ ವಯಸ್ಸಿನ ಕನ್ನಡದವರಿಗೆ ಆ ಬೇಸಿಗೆಗಳು ನೆನಪಿರುತ್ತವೆ. ಏಪ್ರಿಲ್ ಬಂತೆಂದರೆ ಕೂಲರಿಗೆ ಹೊಸದಾಗಿ ತುಂಬಿದ ಹುಲ್ಲಿನ ಹಸಿ ವಾಸನೆ, ಸಂಜೆ ಪಾರ್ಕಿನಲ್ಲಿ ಪಿಟ್ಠೂ ಆಟ. ಪಿಟ್ಠೂ ಅಂದರೆ ನಮ್ಮ ಲಗೋರಿಯೇ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಹಿಂದಿ. ಎರಡೂ ಮಾತು ನನಗೆ ಸರಾಗವಾಗಿ ಬರುತ್ತಿತ್ತು ಎಂದು ಮನೆಗೆ ಬಂದವರೆಲ್ಲ ಹೊಗಳುತ್ತಿದ್ದರು. ಹಾಗೆ ಬರುತ್ತಿದ್ದುದರಿಂದಲೇ ನಾನು ಮಾಡಲು ಸಾಧ್ಯವಾದ ಒಂದು ಕೆಟ್ಟ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ನಾನು ಆರನೇ ಕ್ಲಾಸಿನಲ್ಲಿದ್ದೆ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಆ ವರ್ಷದ ಆರಂಭದಲ್ಲಿ ಅಜ್ಜಿ ತೀರಿಕೊಂಡಳು. ಅಪ್ಪ ಮಧುಗಿರಿ ಕಡೆಯ ನಮ್ಮ ಊರಿಗೆ ಹೋಗಿ, ಕರ್ಮಾಂತರ ಮುಗಿಸಿ, ತಾತನನ್ನು ಜೊತೆಗೇ ಕರೆದುಕೊಂಡು ಬಂದ. ತಾತ ಊರಿನ ನೀರುಗಂಟಿಯಾಗಿದ್ದವನು. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನಿಂತು ನೋಡಿಕೊಳ್ಳುವುದು, ಇದೇ ಅವನ ಜೀವಮಾನದ ಕೆಲಸ. ಅಂಥವನು ದಿಲ್ಲಿಗೆ ಬಂದ ಮೊದಲ ಬೆಳಿಗ್ಗೆ, ಅಮ್ಮ ಆರು ಗಂಟೆಗೆದ್ದು ನಲ್ಲಿಯ ಕೆಳಗೆ ಬಕೆಟ್ಟುಗಳನ್ನು ಸಾಲಾಗಿ ಇಡುವುದನ್ನು ನೋಡಿ ಕೇಳಿದ:

"ಇದೇನಮ್ಮಾ, ನೀರ್ಗೂ ಟೈಮ್ ಐತಾ?"

"ಎಂಟು ಗಂಟೆಗೆ ನಿಂತೋಗುತ್ತೆ ಮಾವ. ಮತ್ತೆ ಸಂಜೆಗೇ."

ತಾತ ಒಂದು ಬಕೆಟ್ಟನ್ನು ತಾನೇ ಹಿಡಿದು ನಿಂತ. ಅವನಿಗೆ ಹಿಂದಿಯ ಒಂದಕ್ಷರವೂ ಬರುತ್ತಿರಲಿಲ್ಲ. ಅಪ್ಪ ಆಫೀಸಿಗೆ, ನಾನು ಶಾಲೆಗೆ, ಅಮ್ಮ ಅಡುಗೆಮನೆಗೆ ಹೋದ ಮೇಲೆ ಹಿತ್ತಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ನೋಡುತ್ತಿದ್ದ. ಒಂದು ತಿಂಗಳು ಹಾಗೆ ಕೂತು, ಒಂದು ಭಾನುವಾರ ಎದ್ದು ಗುದ್ದಲಿ ಕೇಳಿದ.

"ಇಷ್ಟ್ ಜಾಗ ಇಟ್ಕೊಂಡು ನಾಕು ಬೆಂಡೆಗಿಡ ಹಾಕ್ಕೊಂಡಿದ್ದೀರಲ್ಲ. ಒಂದು ಗುಂಡಿ ತೋಡ್ತೀನಿ. ನೀರ್ ನಿಂತ್ರೆ ಕಣ್ಣಿಗಾದ್ರೂ ತಂಪು."

ಎರಡು ದಿನದಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲದ, ಸೊಂಟ ಮುಳುಗದಷ್ಟು ಆಳದ ಗುಂಡಿಯಾಯಿತು. ತಾತ ಜೇಡಿಮಣ್ಣು ಹುಡುಕಿ ತಂದು, ತುಳಿದು, ಬಡಿದು, ಊರಿನಲ್ಲಿ ಕಟ್ಟೆಗೆ ಬಳಿಯುವ ಹಾಗೆ ಬಳಿದ. ನಾನೂ ಕಾಲು ಕೊಟ್ಟೆ. ಬೆರಳ ಸಂದಿಯಿಂದ ಜಾರುವ ಆ ತಣ್ಣನೆ ಮಣ್ಣಿನ ಸುಖ ಇವತ್ತಿಗೂ ಪಾದಕ್ಕೆ ನೆನಪಿದೆ. ಬಕೆಟ್ಟಿನ ಮೇಲೆ ಬಕೆಟ್ಟು ಸುರಿದು ತುಂಬಿಸಿದೆವು. ಮರುದಿನ ಬೆಳಿಗ್ಗೆ ನೋಡಿದರೆ ತಳದಲ್ಲಿ ಕೆಸರು ಮಾತ್ರ ಉಳಿದಿತ್ತು. ಇನ್ನೊಮ್ಮೆ ಬಳಿದರೂ ಅದೇ ಕತೆ. ಮೂರನೆಯ ದಿನ ತಾತ ದಂಡೆಯ ಮೇಲೆ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ.

ಆಗ ಮೇಲಿನ ಬಾಲ್ಕನಿಯಿಂದ ಒಂದು ದನಿ ಬಂತು. ಮೇಲ್ಮನೆಯಲ್ಲಿದ್ದವರು ಬಿಹಾರದ ಝಾ ಅಂಕಲ್. ಅವರ ತಂದೆ ದರ್ಭಂಗಾ ಕಡೆಯ ಹಳ್ಳಿಯಿಂದ ಬಂದು ವರ್ಷವಾಗಿತ್ತು. ಬಿಳಿ ಧೋತ್ರ, ಹೆಗಲ ಮೇಲೆ ಕೆಂಪು ಅಂಚಿನ ಚೌಕ. ನಾವು ಮಕ್ಕಳೆಲ್ಲ ಅವರನ್ನು ದಾದಾಜಿ ಎನ್ನುತ್ತಿದ್ದೆವು.

"ಬುಚ್ಚಿ," ಎಂದು ಕರೆದರು. ಅವರ ಕಡೆ ಹುಡುಗಿಯರನ್ನು ಹಾಗೆ ಕರೆಯುತ್ತಾರಂತೆ. "ನಿಮ್ಮ ತಾತಾಜೀಗೆ ಹೇಳು, ಈ ಊರಿನ ಮಣ್ಣು ನೀರು ಹಿಡಿಯೋದಿಲ್ಲ. ಮರಳು ಜಾಸ್ತಿ. ತಿರ್ಪಾಲ್ ಹಾಸಬೇಕು."

ನಾನು ತಾತನಿಗೆ ಹೇಳಿದೆ. ತಾತ ತಲೆಯೆತ್ತಿ ನೋಡಿದ. "ಗುಂಡಿಗೆ ಟಾರ್ಪಾಲ್ ಹಾಸಿ ನೀರ್ ನಿಲ್ಸೋದು ಒಂದ್ ಕೆಲ್ಸವಾ ಅನ್ನು."

ಅದನ್ನು ಹಾಗೇ ಹೇಳಿದರೆ ದಾದಾಜಿಗೆ ಬೇಜಾರಾದೀತೆಂದು ನಾನು ಹಿಂದಿಯಲ್ಲಿ, "ತಾತ ಬಹಳ ಥ್ಯಾಂಕ್ಸ್ ಹೇಳ್ತಿದ್ದಾರೆ, ಟಾರ್ಪಾಲ್ ಎಲ್ಲಿ ಸಿಗುತ್ತೆ ಅಂತ ಕೇಳ್ತಿದ್ದಾರೆ" ಎಂದೆ. ಅರ್ಧ ಗಂಟೆಯೊಳಗೆ ದಾದಾಜಿ, ತಮ್ಮ ಮನೆಯ ಸಾಮಾನು ಬರುವಾಗ ಲಾರಿಯಲ್ಲಿ ಹೊದಿಸಿದ್ದ ಕರಿ ತಿರ್ಪಾಲನ್ನು ಹೊತ್ತು ಮೆಟ್ಟಿಲಿಳಿದು ಬಂದರು. ತಾತ ಕೊಂಚ ಹೊತ್ತು ಬಿಗಿದುಕೊಂಡಿದ್ದ. ಆಮೇಲೆ ಇನ್ನೊಂದು ತುದಿ ಹಿಡಿದ. ಆ ಸಂಜೆ ತುಂಬಿಸಿದ ನೀರು ಮರುದಿನವೂ ನಿಂತಿತ್ತು.

ಹೀಗೆ ನಾನು ಇಬ್ಬರ ನಡುವೆ ದುಭಾಷಿಯಾದೆ. ಶಾಲೆಯಿಂದ ಬಂದು ಬ್ಯಾಗು ಬಿಸಾಕಿದ ಕೂಡಲೇ ಹಿತ್ತಲಿಂದ ಕರೆ. ಬೆಳಿಗ್ಗೆಯಿಂದ ಕೈಸನ್ನೆಯಲ್ಲಿ ಆಡಿ ಅರ್ಧಕ್ಕೆ ನಿಂತಿದ್ದ ಮಾತುಗಳನ್ನೆಲ್ಲ ಇಬ್ಬರೂ ನನಗಾಗಿ ಕೂಡಿಟ್ಟಿರುತ್ತಿದ್ದರು. ದಾದಾಜಿಯ ಮನೆತನದವರು ಪೋಖರಿಗಳಲ್ಲಿ, ಅಂದರೆ ಹೊಂಡಗಳಲ್ಲಿ, ಹುರಿದರೆ ಅರಳಿನಂತೆ ಉಬ್ಬುವ ಮಖಾನದ ಬೀಜ ಬೆಳೆಯುತ್ತಿದ್ದರಂತೆ. ಅವರಿಗೆ ನೀರಲ್ಲಿ ಬೆಳೆಯುವ ಗಿಡದ ಗುಟ್ಟೆಲ್ಲ ಗೊತ್ತಿತ್ತು. ತಾತನಿಗೆ ನೀರಿನ ಗುಟ್ಟು ಗೊತ್ತಿತ್ತು.

ತಾವರೆ ಹಾಕೋಣವೆಂದದ್ದು ದಾದಾಜಿ. ಗೆಡ್ಡೆಗೆ ನರ್ಸರಿಗೆ ಹೋಗಲಿಲ್ಲ, ತರಕಾರಿ ಮಾರ್ಕೆಟ್ಟಿಗೆ ಹೋದೆವು. ದಿಲ್ಲಿಯಲ್ಲಿ ಕಮಲ್ ಕಕಡಿ ಎಂದು ತಾವರೆಯ ಗೆಡ್ಡೆಯನ್ನೇ ಪಲ್ಯಕ್ಕೆ ಮಾರುತ್ತಾರಲ್ಲ, ಆ ಬುಟ್ಟಿಯ ಮುಂದೆ ಇಬ್ಬರು ಮುದುಕರೂ ಕೂತು ಒಂದೊಂದೇ ತುಂಡು ಎತ್ತಿ ನೋಡತೊಡಗಿದರು. ತುದಿಯಲ್ಲಿ ಮೊಳಕೆ ಮುರಿಯದೆ ಉಳಿದ ತುಂಡು ಬೇಕಿತ್ತು. ಅಂಗಡಿಯವನಿಗೆ ಸಿಟ್ಟು ಬಂತು. "ಬಾಬಾ, ತಿನ್ನೋಕೆ ತಗೋತಿದ್ದೀರೋ ಮದುವೆಗೆ ಹೆಣ್ಣು ನೋಡ್ತಿದ್ದೀರೋ?" ಎಂದ. ನಾನು ಕನ್ನಡದಲ್ಲಿ ಹೇಳಿದ್ದೇ ತಾತ ಕೆಮ್ಮು ಬರುವಷ್ಟು ನಕ್ಕ. ಅಜ್ಜಿ ಹೋದ ಮೇಲೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎರಡು ಒಳ್ಳೆಯ ತುಂಡು ಸಿಕ್ಕವು. ಉಳಿದವನ್ನು ಅಮ್ಮ ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಿದಳು.

ಅಗಲವಾದ ಒಂದು ಹಳೆಯ ಬೋಗುಣಿಗೆ ಮಣ್ಣು ತುಂಬಿ, ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೊಳಕೆಯ ತುದಿ ಮಾತ್ರ ಹೊರಗಿರುವ ಹಾಗೆ ಹೂತು, ನೀರಿನೊಳಗೆ ಇಟ್ಟಿಗೆಗಳ ಮೇಲಿಟ್ಟರು. ಎಲೆ ಬೆಳೆದಂತೆ ಒಂದೊಂದೇ ಇಟ್ಟಿಗೆ ತೆಗೆದು ಬೋಗುಣಿಯನ್ನು ಆಳಕ್ಕಿಳಿಸುವುದು ದಾದಾಜಿಯ ಉಪಾಯ. ನಲ್ಲಿಯ ನೀರಿಗೆ ಔಷಧಿಯ ವಾಸನೆ ಇದೆ, ಒಂದು ದಿನ ಬಿಸಿಲಲ್ಲಿಟ್ಟು ಆಮೇಲೆ ಸುರಿಯಬೇಕು ಎನ್ನುವುದು ತಾತನ ಕಟ್ಟಳೆ. ಜಗಳಗಳೂ ಆಗುತ್ತಿದ್ದವು. ಎಲೆ ಹರಡುವವರೆಗೆ ನೀರಿಗೆ ನೆರಳು ಬೇಕೆಂದು ದಾದಾಜಿ ಎಲ್ಲಿಂದಲೋ ನಾಲ್ಕು ಅಂತರಗಂಗೆ ತಂದು ಬಿಟ್ಟರು. ತಾತ ಹೌಹಾರಿದ.

"ಅದ್ನ ತೆಗೀಲಿ ಅನ್ನು ಮಗಾ. ನನ್ನ ಕೆರೇನ ಮುಚ್ಚಿದ್ದೇ ಅದು. ತೂಬ್ ತುಂಬಾ ಕಟ್ಕೊಂಡು, ಕೊಡ್ಲೀಲಿ ಕಡೀಬೇಕಾಯ್ತು."

"ತಾತಾಜೀಗೆ ಹೇಳು ಬುಚ್ಚಿ, ವಾರಕ್ಕೊಮ್ಮೆ ಹೆಚ್ಚಾದದ್ದನ್ನು ಕಿತ್ತರಾಯಿತು. ಬಿಸಿಲು ನೇರ ಬಿದ್ದರೆ ನೀರು ಪಾಚಿ ಕಟ್ಟುತ್ತೆ. ಇಷ್ಟು ವಯಸ್ಸಾದರೂ ಇದು ಗೊತ್ತಿಲ್ಲವಾ?"

ಆ ಕೊನೆಯ ಮಾತನ್ನು ನಾನು ನುಂಗಿಬಿಟ್ಟೆ. ತಾತನ ಸಿಟ್ಟಿನ ಮಾತಿಗೂ ಹಾಗೇ ಕತ್ತರಿ ಹಾಕುತ್ತಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಸೌಮ್ಯ ಮನುಷ್ಯ ಎಂದುಕೊಂಡಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಹನ್ನೊಂದು ವರ್ಷದ ನನ್ನ ನಾಲಗೆಯ ಮೇಲೆ ಇಬ್ಬರು ದೊಡ್ಡವರ ಸ್ನೇಹ ನಿಂತಿದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಗೊತ್ತಿಲ್ಲದ ವಯಸ್ಸು ಎಂದು ನೆಪ ಹೇಳುವ ಹಾಗಿಲ್ಲ.

ಜೂನ್‌ನಲ್ಲಿ ಎಲೆಗಳು ನೀರಿನಿಂದ ಮೇಲೆದ್ದು ನಿಂತವು. ಅದೇ ತಿಂಗಳು ಸೊಳ್ಳೆ ಪರೀಕ್ಷೆಗೆ ಮನೆಮನೆಗೆ ಬರುವವರು ಬಂದು, ಕೂಲರಿನ ತಟ್ಟೆ ನೋಡಿ, ಹಿತ್ತಲಿಗೆ ಹೋಗಿ, ಈ ಹೊಂಡ ಇವತ್ತೇ ಮುಚ್ಚಬೇಕು ಎಂದರು. ಅಪ್ಪ ಆಫೀಸಿನಲ್ಲಿದ್ದ. ತಾತ ಏನೂ ಅರ್ಥವಾಗದೆ ಕೊಳಕ್ಕೆ ಅಡ್ಡ ನಿಂತುಬಿಟ್ಟ. ದಾದಾಜಿ ಓಡಿಬಂದು ಮುಕ್ಕಾಲು ಗಂಟೆ ಅವರೊಡನೆ ವಾದ ಮಾಡಿದರು. ಮೀನು ಬಿಡುತ್ತೇನೆ, ವಾರ ಬಿಟ್ಟು ಬನ್ನಿ, ಒಂದು ಸೊಳ್ಳೆಮರಿ ಕಂಡರೂ ನಾನೇ ಮುಚ್ಚುತ್ತೇನೆ ಎಂದರು. ಮರುದಿನ ಬಸ್ಸು ಹತ್ತಿ ಎಲ್ಲಿಗೋ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಡ್ಡಿಯಂಥ ಸಣ್ಣ ಮೀನುಗಳನ್ನು ತಂದು ಬಿಟ್ಟರು. ವಾರದ ಮೇಲೆ ಬಂದವರು ಟಾರ್ಚ್ ಬಿಟ್ಟು ನೋಡಿ ಸುಮ್ಮನೆ ಹೋದರು.

"ಈವಯ್ಯ ನನ್ನ ತಮ್ಮ ಆಗ್ಬೇಕಿತ್ತು ಕಣಮ್ಮಿ," ಎಂದ ತಾತ. ಅದನ್ನು ಮಾತ್ರ ನಾನು ಒಂದಕ್ಷರ ಬದಲಿಸದೆ ಹೇಳಿದೆ. ದಾದಾಜಿ ತಾತನ ಎರಡೂ ಕೈ ಹಿಡಿದುಕೊಂಡರು. ಆಮೇಲಿನ ಸಂಜೆಗಳಲ್ಲಿ ಅವರ ಮನೆಯಿಂದ ತುಪ್ಪದಲ್ಲಿ ಹುರಿದ ಮಖಾನ, ನಮ್ಮ ಮನೆಯಿಂದ ಕೋಡುಬಳೆ. ಬೇರೆ ಬೇರೆ ಭಾಷೆಯಲ್ಲಿ ಇಬ್ಬರೂ ತಮ್ಮ ತಮ್ಮ ಊರ ಕತೆ ಹೇಳಿಕೊಂಡು ಕೂರುತ್ತಿದ್ದರು. ಕೆಲವೊಮ್ಮೆ ನನ್ನನ್ನು ಕರೆಯುವುದನ್ನೂ ಮರೆಯುತ್ತಿದ್ದರು.

ಜುಲೈ ಕೊನೆಯಲ್ಲಿ ಮೊಗ್ಗು ಬಂತು. ಹಸಿರು ಕಡ್ಡಿಯ ತುದಿಯಲ್ಲಿ ಹೆಬ್ಬೆರಳಿನಷ್ಟು. ನಾನು ಮರುದಿನವೇ ಕ್ಲಾಸಿನಲ್ಲಿ ಎದ್ದು ನಿಂತು, "ಮ್ಯಾಡಮ್, ಆಗಸ್ಟ್ ಹದಿನೈದಕ್ಕೆ ನಮ್ಮ ಮನೆಯ ಕಮಲ ತರುತ್ತೇನೆ" ಎಂದೆ. ರಾಷ್ಟ್ರೀಯ ಹೂವು, ನಮ್ಮ ಹಿತ್ತಲಿನದು. ಯಾರೂ ನಂಬಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ "ಫೇಂಕ್ ರಹೀ ಹೈ", ಬುರುಡೆ ಬಿಡ್ತಿದ್ದಾಳೆ, ಎಂದರು. ಮ್ಯಾಡಮ್ ನಕ್ಕು, "ಅಚ್ಛಾ, ತಗೊಂಡು ಬಾ ನೋಡೋಣ" ಎಂದರು.

ಮೊಗ್ಗು ಮಾತ್ರ ನನ್ನ ಅವಸರಕ್ಕೆ ಬೆಳೆಯಲಿಲ್ಲ. ದಿನಾ ಬೆರಳಿಟ್ಟು ಅಳೆಯುತ್ತಿದ್ದೆ. ಅದೇ ಹೊತ್ತಿಗೆ ಇಬ್ಬರ ನಡುವೆ ಗೊಬ್ಬರದ ಮಾತು ಎದ್ದಿತ್ತು. ಮೊಗ್ಗು ಬಂದಾಗ ಒಂದು ಹಿಡಿ ಹಳೆಯ ಸಗಣಿ ಗೊಬ್ಬರವನ್ನು ಮಣ್ಣುಂಡೆಯೊಳಗಿಟ್ಟು ಬೇರಿನ ಹತ್ತಿರ ಒತ್ತಬೇಕೆಂದು ದಾದಾಜಿ. ಬೇಡವೇ ಬೇಡವೆಂದು ತಾತ.

"ಹರಿಯೋ ನೀರಿಗಾದ್ರೆ ಸೈ. ನಿಂತ ನೀರಿಗೆ ಗೊಬ್ಬರ ಹಾಕಿದ್ರೆ ನೀರು ಸಾಯ್ತದೆ. ನನ್ನ ಮಾತು ಕೇಳೋಕೆ ಹೇಳು."

ದಾದಾಜಿ ಒಪ್ಪಿಕೊಂಡರು. ಕೊಳ ನಿಮ್ಮದು, ನಿಮ್ಮಿಷ್ಟ ಎಂದರು. ನನಗೆ ಕೇಳಿಸಿದ್ದು ಒಂದೇ: ಗೊಬ್ಬರ ಹಾಕಿದರೆ ಹೂವು ಬೇಗ ಬರುತ್ತದೆ.

ಅಡುಗೆಮನೆಯ ಹಿಂದಿನ ಗೂಡಿನಲ್ಲಿ ಅಮ್ಮ ಬೆಂಡೆಗಿಡಕ್ಕೆಂದು ತಂದ ಯೂರಿಯಾದ ಸಣ್ಣ ಚೀಲವಿತ್ತು. ಬಿಳಿ ಸಾಬಕ್ಕಿಯಂಥ ಹರಳು. ಒಂದು ಮಧ್ಯಾಹ್ನ ತಾತ ಮಲಗಿದ್ದಾಗ ಒಂದು ಹಿಡಿ ಹಾಕಿದೆ. ಒಂದು ಹಿಡಿಯಿಂದ ಏನಾಗುತ್ತದೆ ಎನ್ನಿಸಿ ಇನ್ನೊಂದು ಹಾಕಿದೆ. ಕೊನೆಗೆ ಚೀಲವನ್ನೇ ಬೋಗುಣಿಯ ಮೇಲೆ ಬೋರಲು ಹಾಕಿ, ಖಾಲಿ ಚೀಲವನ್ನು ಹಿಂದಿನ ಗಲ್ಲಿಗೆಸೆದೆ. ಕೈ ತೊಳೆದುಕೊಂಡು ಬಂದು ಹೋಮ್‌ವರ್ಕ್ ಮಾಡಿದೆ.

ಮೂರನೆಯ ಬೆಳಿಗ್ಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಷ್ಟರಲ್ಲೇ ನೀರು ಗಟ್ಟಿ ಹಸಿರಾಗಿ, ಹಳಸಿದ ವಾಸನೆ ಬಂತು. ಎಲೆಗಳ ಅಂಚು ಸುಟ್ಟ ಹಪ್ಪಳದಂತಾಯಿತು. ಮೊಗ್ಗು ಕಪ್ಪಾಗಿ ಕತ್ತು ಬಗ್ಗಿಸಿತು. ತಾತ ಒಂದೊಂದೇ ಮೀನನ್ನು ಅಂಗೈಯಲ್ಲೆತ್ತಿ ಬೆಂಡೆಗಿಡದ ಬುಡದಲ್ಲಿ ಹೂಳಿದ. ಆಮೇಲೆ ತಿರ್ಪಾಲಿನ ಅಂಚಿನ ಮಡಿಕೆಯಲ್ಲಿ ಬೆರಳಾಡಿಸಿ, ಅಲ್ಲಿ ಸಿಕ್ಕಿಕೊಂಡಿದ್ದ ಎರಡು ಬಿಳಿ ಹರಳನ್ನು ತೆಗೆದು ನಾಲಗೆಗೆ ಮುಟ್ಟಿಸಿ ಉಗುಳಿದ.

"ಸರ್ಕಾರಿ ಗೊಬ್ಬರ," ಎಂದ. "ಯಾರೋ ಹಾಕವ್ರೆ."

ಆಗ ಹೇಳಬಹುದಿತ್ತು. ತಾತ ನನ್ನನ್ನು ಒಮ್ಮೆಯೂ ಹೊಡೆದವನಲ್ಲ. ಆದರೂ ಅವನು ಕೇಳುವ ಮೊದಲೇ ನನ್ನ ಬಾಯಿ ತಾನಾಗಿ ಆಡಿತು:

"ಅವತ್ತು ಮಧ್ಯಾಹ್ನ ನೀವು ಮಲಗಿದ್ದಾಗ ದಾದಾಜಿ ಬಂದಿದ್ರು ತಾತ."

ಅವರು ಬಂದಿದ್ದು ನಿಜ. ಒಗೆದ ಬಟ್ಟೆಯೊಂದು ಹಾರಿ ನಮ್ಮ ಹಿತ್ತಲಿಗೆ ಬಿದ್ದಿತ್ತು, ಎತ್ತಿಕೊಂಡು ಹೋಗಿದ್ದರು. ಅಷ್ಟೇ. ಆ ನಿಜವನ್ನೇ ನಾನು ಸುಳ್ಳಿನ ಹಾಗೆ ಬಳಸಿದೆ.

ಸಂಜೆ ತಾತ ದಾದಾಜಿಯನ್ನು ಕರೆಯಲು ಹೇಳಿದ. ಅವರು ಬಂದರು. ಕೊಳ ನೋಡಿ "ಅರೆ ರಾಮ, ರಾಮ" ಎನ್ನುತ್ತ ತಲೆಯ ಮೇಲೆ ಕೈಯಿಟ್ಟುಕೊಂಡರು.

ತಾತ ನನ್ನ ಕಡೆ ತಿರುಗಿದ. "ಗೊಬ್ಬರ ಹಾಕಿದ್ರಾ ಅಂತ ಕೇಳು. ಮರ್ಯಾದೆಯಾಗೇ ಕೇಳು. ಹಾಕಿದ್ರೆ ಹಾಕ್ದೆ ಅನ್ಲಿ, ಅಷ್ಟೇ."

ನಾನು ಹಿಂದಿಯಲ್ಲಿ ಕೇಳಿದ್ದು ಬೇರೆ. "ದಾದಾಜೀ, ಈ ನೀರು ಮತ್ತೆ ಸರಿಹೋಗುತ್ತಾ ಅಂತ ತಾತ ಕೇಳ್ತಿದ್ದಾರೆ."

"ಹಾಂ ಹಾಂ, ಹೋಗುತ್ತೆ, ಯಾಕಿಲ್ಲ?" ದಾದಾಜಿ ಜೋರಾಗಿ ತಲೆಯಾಡಿಸಿದರು. ದಿನಾ ಕಾಲು ಭಾಗ ನೀರು ತೆಗೆದು ಹೊಸದು ಹಾಕೋಣ, ಗೆಡ್ಡೆ ಸಾಯುವುದಿಲ್ಲ, ನಮ್ಮಲ್ಲೂ ಹೀಗಾಗಿತ್ತು, ನಾನೂ ಕೈಜೋಡಿಸುತ್ತೇನೆ ಎಂದು ಎದೆಯ ಮೇಲೆ ಕೈಯಿಟ್ಟು ಏನೇನೋ ಧೈರ್ಯ ಹೇಳಿದರು. ತಾತನಿಗೆ ಕಂಡದ್ದು ಆ ತಲೆಯಾಡಿಸುವುದು, ಆ ಎದೆ ಮುಟ್ಟಿಕೊಳ್ಳುವುದು.

"ಏನಂತೆ?"

"ಹೌದಂತೆ ತಾತ. ಸ್ವಲ್ಪ ಹಾಕಿದ್ರಂತೆ. ಹೂವು ಬೇಗ ಬರ್ಲಿ ಅಂತ."

ತಾತ ಬಗ್ಗಿ ಕಪ್ಪಾದ ಮೊಗ್ಗನ್ನು ಮುಟ್ಟಿದ. ಆಮೇಲೆ ಮೆಲ್ಲಗೆ, "ಬೇಡ ಅಂದಿದ್ದೆ. ಆಯ್ತು ಅಂದು ಹಿಂದ್ಗಡೆ ಹಾಕವ್ನೆ. ಇನ್ಮೇಲೆ ಈ ಹಿತ್ಲಿಗೆ ಬರ್ಬೇಡ ಅನ್ನು" ಎಂದ.

"ತಾತನಿಗೆ ಸುಸ್ತಾಗಿದೆಯಂತೆ, ಮಲಗ್ತಾರಂತೆ," ಎಂದೆ ನಾನು.

ದಾದಾಜಿ ಹತ್ತಿರ ಬಂದು ತಾತನ ಹೆಗಲ ಮೇಲೆ ಕೈಯಿಟ್ಟರು. ತಾತ ಆ ಕೈಯನ್ನು ಕೊಡವಿ ಒಳಗೆ ಹೋದ. ಅದಕ್ಕೆ ನನ್ನ ಅನುವಾದ ಬೇಕಿರಲಿಲ್ಲ. ದಾದಾಜಿಯ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಆಗಸ್ಟ್ ಹದಿನೈದಕ್ಕೆ ಬರಿಗೈಯಲ್ಲಿ ಶಾಲೆಗೆ ಹೋದೆ. ಮ್ಯಾಡಮ್‌ಗೆ ನನ್ನ ಮಾತು ನೆನಪೇ ಇರಲಿಲ್ಲ. ಲಡ್ಡು ಕೊಟ್ಟು ಕಳಿಸಿದರು.

ತಾತ ಒಬ್ಬನೇ ದಿನಾ ನಾಲ್ಕು ಬಕೆಟ್ಟು ಹಸಿರು ನೀರೆತ್ತಿ ಹೊರಗೆ ಚೆಲ್ಲಿ, ನಾಲ್ಕು ಬಕೆಟ್ಟು ಹೊಸದು ಹಾಕುತ್ತಿದ್ದ. ದಾದಾಜಿ ಮೊದಲ ಕೆಲವು ದಿನ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು. ತಾತ ತಲೆಯೆತ್ತುತ್ತಿರಲಿಲ್ಲ. ಆಮೇಲೆ ಅವರು ನಿಲ್ಲುವುದನ್ನೂ ಬಿಟ್ಟರು. ಒಂದು ದಿನ ಮೆಟ್ಟಿಲ ಹತ್ತಿರ ನನ್ನನ್ನು ತಡೆದು ಕೇಳಿದರು.

"ಬುಚ್ಚಿ, ತಾತಾಜೀ ನನ್ನ ಮೇಲೆ ಯಾಕೆ ಮುನಿಸಿಕೊಂಡಿದ್ದಾರೆ? ನನ್ನಿಂದ ಏನಾದರೂ ತಪ್ಪಾಯಿತಾ? ನೀನಲ್ಲವಾ ಇಬ್ಬರ ಮಾತೂ ಬಲ್ಲವಳು, ಹೇಳು."

"ಗೊತ್ತಿಲ್ಲ ದಾದಾಜೀ," ಎಂದು ಅವರ ಪಕ್ಕದಿಂದ ನುಸುಳಿ ಪಾರ್ಕಿಗೆ ಓಡಿದೆ. ಯೂರಿಯಾ ಹಾಕಿದ್ದನ್ನು, ಭಯಕ್ಕೆ ಸುಳ್ಳು ಹೇಳಿದ್ದನ್ನು ಮಗುಬುದ್ಧಿ ಎಂದು ಯಾರಾದರೂ ಕ್ಷಮಿಸಿಯಾರು. ಆದರೆ ಅವರು ಬಾಯಿಬಿಟ್ಟು ಕೇಳಿದಾಗ, ಒಂದೇ ಮಾತಿನಲ್ಲಿ ಎಲ್ಲ ಸರಿಯಾಗುವಾಗ, ಪಿಟ್ಠೂ ಆಡಲು ಓಡಿದ್ದಕ್ಕೆ ಆ ನೆಪವೂ ಸಾಲದು. ಅವತ್ತು ನಮ್ಮ ಗುಂಪು ಗೆದ್ದಿತು. ನಾನು ಕುಣಿದೆ ಕೂಡ.

ಚಳಿಗಾಲಕ್ಕೆ ಮೊದಲು ದಾದಾಜಿ ಛಠ್ ಹಬ್ಬಕ್ಕೆ ತಮ್ಮೂರಿಗೆ ಹೊರಟರು. ಹೊರಡುವ ಬೆಳಿಗ್ಗೆ ಒಂದು ಬಟ್ಟೆಚೀಲದ ತುಂಬ ಮಖಾನ ತಂದು ಅಮ್ಮನ ಕೈಗೆ ಕೊಟ್ಟು, "ತಾತಾಜೀಗೆ" ಎಂದರಂತೆ. ತಾತ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

"ತಪ್ಪು ಮಾಡ್ದೆ ಅಂತ ಅರ್ಥ ಆಗೈತೆ ಅವ್ನಿಗೆ. ಪಾಪ, ಹೋಗ್ಲಿ ಬಿಡು. ವಾಪಸ್ ಬಂದ್ಮೇಲೆ ನಾನೇ ಮಾತಾಡಿಸ್ತೀನಿ," ಎಂದ. ನಾನು ಬ್ಯಾಗು ಹೆಗಲಿಗೇರಿಸಿ ಶಾಲೆಗೆ ಹೊರಟೆ.

ದಾದಾಜಿ ವಾಪಸ್ ಬರಲಿಲ್ಲ. ಅಲ್ಲೇ ಉಳಿದುಕೊಂಡರೆಂದು ಝಾ ಅಂಕಲ್ ಹೇಳಿದರು. ಮಾರ್ಚಿನಲ್ಲಿ ಅಂಕಲ್‌ಗೂ ಬೇರೆ ಊರಿಗೆ ವರ್ಗವಾಗಿ ಮೇಲ್ಮನೆಗೆ ಪಂಜಾಬಿನವರು ಬಂದರು.

ಗೆಡ್ಡೆ ಸಾಯಲಿಲ್ಲ. ಮರುವರ್ಷ ಎಲೆ ಬಂತು, ಅದರ ಮರುವರ್ಷ ಗುಲಾಬಿ ಬಣ್ಣದ ಹೂವೂ ಬಂತು. ಬೀದಿಯವರೆಲ್ಲ ನೋಡಲು ಬಂದರು. ತಾತ ಬಂದವರಿಗೆಲ್ಲ ಬಾಲ್ಕನಿಯ ಕಡೆ ಕೈ ತೋರಿಸಿ ಕನ್ನಡದಲ್ಲೇ ಏನೋ ಹೇಳುತ್ತಿದ್ದ. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅನುವಾದ ಮಾಡಬೇಕಾದವಳು ಒಳಗೆ ಕೂತಿರುತ್ತಿದ್ದೆ.

ನಾನು ಹತ್ತನೇ ಕ್ಲಾಸಿಗೆ ಬಂದ ವರ್ಷ, ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಕೊಳದಿಂದ ಒಣಗಿದ ಎಲೆ ತೆಗೆಯುತ್ತಿದ್ದೆವು. ತಾತ ತನ್ನಷ್ಟಕ್ಕೆ, "ಈ ಎಲೆ ಹಿಂಗೆ ಬುಡದಿಂದ ಮುರೀಬಾರ್ದು ಅಂತ ಅವ್ನೇ ಹೇಳ್ಕೊಟ್ಟಿದ್ದು. ಕೈ ಕೆಟ್ಟದ್ದಲ್ಲ ಅವಂದು. ಯಾಕಂಗ್ ಮಾಡಿದ್ನೋ" ಎಂದ. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಚೀಲ, ಗಲ್ಲಿ, ಶಾಲೆ, ಅವತ್ತು ಅವರು ನಿಜವಾಗಿ ಆಡಿದ ಮಾತು, ಮೆಟ್ಟಿಲ ಹತ್ತಿರ ಕೇಳಿದ್ದು.

ತಾತ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟ. ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ತೊಳೆದುಕೊಂಡ. ಬೈಯಲಿಲ್ಲ. "ನಿನ್ನ ಮಾತ್ ನಂಬಿ ಒಬ್ಬ ಮನುಷ್ಯನ್ನ ಬಿಟ್ನಲ್ಲಮ್ಮಿ" ಎಂದಷ್ಟೇ ಹೇಳಿ ಒಳಗೆ ಹೋದ. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನ ಕಾಗದ ಪೆನ್ನು ತರಲು ಹೇಳಿದ. ಅಪ್ಪ ಆಫೀಸಿನಲ್ಲಿ ಕೇಳಿ ಝಾ ಅಂಕಲ್ ವಿಳಾಸ ತಂದಿದ್ದ.

ತಾತ ಹೇಳಿದ, ನಾನು ಹಿಂದಿಯಲ್ಲಿ ಬರೆದೆ. "ನೀವು ಗೊಬ್ಬರ ಹಾಕಲಿಲ್ಲವೆಂದು ಈಗ ತಿಳಿಯಿತು. ತಿಳಿಯದೆ ನಿಮ್ಮ ಕೈ ಕೊಡವಿದೆ. ನಾನು ನಿಮಗಿಂತ ದೊಡ್ಡವನೋ ಚಿಕ್ಕವನೋ ಗೊತ್ತಿಲ್ಲ, ಚಿಕ್ಕವನು ಎಂದುಕೊಂಡು ಕ್ಷಮಿಸಿ. ತಾವರೆ ಬದುಕಿದೆ. ನೋಡಲು ಬನ್ನಿ." ನನ್ನ ಹೆಸರನ್ನು ಅವನು ಬರೆಸಲೇ ಇಲ್ಲ. ತಪ್ಪೆಲ್ಲ ತನ್ನದೇ ಎಂಬಂತೆ ಹೇಳಿಸಿದ.

ಬರೆದು ಮುಗಿದ ಮೇಲೆ, "ಈಗ ಅದ್ನ ಕನ್ನಡ್ದಾಗೆ ಓದು" ಎಂದ. ಓದಿದೆ. "ಇನ್ನೊಂದ್ ಸಲ." ಓದಿದೆ. ಆಮೇಲೆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಸಂಜೆ ಅಪ್ಪ ಬಂದ ಕೂಡಲೇ ಅವನ ಕೈಗೆ ಕೊಟ್ಟ. "ಇದ್ರಾಗೆ ಏನ್ ಬರ್ದೈತೆ, ಓದಿ ಹೇಳು ನನ್ಗೆ."

ಆ ಕಾಗದಕ್ಕೆ ಉತ್ತರ ಬರಲು ಒಂದು ತಿಂಗಳಾಯಿತು. ಝಾ ಅಂಕಲ್ ಬರೆದಿದ್ದರು: ಪಿತಾಜಿ ತೀರಿಕೊಂಡು ಎರಡು ವರ್ಷವಾಯಿತು, ನಿಮ್ಮ ಪತ್ರವನ್ನು ಅವರ ಪಟದ ಮುಂದೆ ಓದಿದೆ. ಅಪ್ಪ ಓದಿ ಹೇಳಿದ. ತಾತ "ಹೂಂ" ಎಂದ. ಆ ವರ್ಷ ಬಿಟ್ಟ ಹೂವುಗಳನ್ನು ಯಾರಿಗೂ ಕೀಳಲು ಬಿಡಲಿಲ್ಲ.

ಈಗ ಆ ಕ್ವಾರ್ಟರ್ಸುಗಳಿಲ್ಲ. ಹಿತ್ತಲುಗಳನ್ನೆಲ್ಲ ಸೇರಿಸಿ ಅಗೆದು ಎತ್ತರದ ಕಟ್ಟಡ ಕಟ್ಟಿದ್ದಾರೆ. ನಾನಿರುವ ಫರೀದಾಬಾದಿನ ಫ್ಲಾಟಿನಲ್ಲಿ ಹಿತ್ತಲೂ ಇಲ್ಲ, ಮೇಲೆ ಯಾರಿದ್ದಾರೆಂದು ನನಗೆ ಗೊತ್ತೂ ಇಲ್ಲ. ಕೊಳ ಹೋದದ್ದಕ್ಕೆ ನನಗೆ ಅಷ್ಟು ದುಃಖವಿಲ್ಲ. ಮನಸ್ಸು ಮಾಡಿದರೆ ಒಂದು ಟಬ್ಬಿನಲ್ಲಾದರೂ ತಾವರೆ ಬೆಳೆಸಬಹುದು. ಕಮಲ್ ಕಕಡಿ ಈಗಲೂ ಸಿಗುತ್ತದೆ. ಮತ್ತೆ ಬೆಳೆಸಲಾಗದೆ ಹೋದದ್ದು ಬೇರೆ.

ತಾತ ಆಮೇಲೆ ಆರು ವರ್ಷ ನಮ್ಮೊಡನಿದ್ದ. ನನ್ನನ್ನು ಮೊದಲಿನಂತೆಯೇ ಅಮ್ಮಿ ಎಂದು ಕರೆಯುತ್ತಿದ್ದ, ಪರೀಕ್ಷೆಗೆ ಹೊರಟಾಗ ತಲೆ ಮುಟ್ಟಿ ಕಳಿಸುತ್ತಿದ್ದ. ಪ್ರೀತಿಯಲ್ಲಿ ಒಂದು ತೊಟ್ಟೂ ಕಡಿಮೆ ಮಾಡಲಿಲ್ಲ. ಆದರೆ ಬಾಗಿಲಿಗೆ ತರಕಾರಿ ಭಯ್ಯಾ ಬಂದಾಗ, ಪೋಸ್ಟಿನವನು ಏನೋ ಕೇಳಿದಾಗ, ಪಕ್ಕದ ಕೋಣೆಯಲ್ಲಿ ನಾನಿದ್ದೇನೆಂದು ಗೊತ್ತಿದ್ದೂ ಅವನು ನನ್ನನ್ನು ಕರೆಯುತ್ತಿರಲಿಲ್ಲ. ಕೈಸನ್ನೆ ಮಾಡುತ್ತ, ಅರ್ಥವಾಗದೆ ನಗುತ್ತ ನಿಲ್ಲುತ್ತಿದ್ದ. ಅದೂ ಆಗದಿದ್ದರೆ, ಅಪ್ಪ ಆಫೀಸಿನಿಂದ ಬರುವವರೆಗೆ ಕಾಯುತ್ತಿದ್ದ.